ಮುನ್ನೂರೇ ಪ್ರತಿಗಳ ಧ್ವನಿಮುದ್ರಿಕೆ

ತುಂಗೆಯ ದಂಡೆಯ ಹರಿಹರಪುರದಿಂದ ವಾಚಕರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ತಮ್ಮನ ಮಗ ಊರಿಗೆ ಬಂದವನು ಒಂದು ಚಿಕ್ಕ ಗ್ರಾಮಫೋನು ತಟ್ಟೆಯನ್ನು ತಂದು, ಜೊತೆಯಲ್ಲಿದ್ದ ಪುಟ್ಟ ಯಂತ್ರದ ಮೇಲೆ ಹಾಕಿ, ಮನೆಯವರಿಗೆಲ್ಲ ಕೇಳಿಸಿದನಂತೆ. ಹೊರಡುವಾಗ ಯಂತ್ರವನ್ನು ಒಯ್ದು, ತಟ್ಟೆಯನ್ನು ದೊಡ್ಡಪ್ಪನ ವಶಕ್ಕೆ ಬಿಟ್ಟುಹೋಗಿದ್ದಾನೆ. ಏಳು ಅಂಗುಲದ ವ್ಯಾಸ, ಮುಖಕ್ಕೊಂದು ಕೃತಿ, ಹೊದಿಕೆಯ ಹಿಂಬದಿಯಲ್ಲಿ ಶಾಯಿಯಿಂದ ಬರೆದ 147/300 ಎಂಬ ಅಂಕಿ. ನುಡಿಸಿದವರು ಹೊರದೇಶದ ಒಂದು ಪ್ರಯೋಗಶೀಲ ವಾದ್ಯತಂಡ; ‘ಅಂಡರ್‌ಗ್ರೌಂಡ್’ ಎಂದು ಕರೆಯಿಸಿಕೊಳ್ಳುವ ವರ್ಗದವರು. ನೆಲಮಾಳಿಗೆಯಲ್ಲಿ ನುಡಿಸುವವರೆಂದು ಇದಕ್ಕೆ ಅರ್ಥವಲ್ಲ. ದೊಡ್ಡ ಕಂಪನಿ, ದೊಡ್ಡ ಜಾಹೀರಾತು, ದೊಡ್ಡ ಮಾರುಕಟ್ಟೆ ಇವುಗಳ ಹಂಗಿಲ್ಲದೆ ತಮ್ಮದೇ ಸಣ್ಣ ಬಳಗಕ್ಕಾಗಿ ನುಡಿಸುವವರೆಂದಷ್ಟೇ. ಆ ಸಂಗೀತ ಹೇಗಿತ್ತೆಂಬುದನ್ನು ನಮ್ಮ ವಾಚಕರು ಚುಟುಕಾಗಿ ತಿಳಿಸಿದ್ದಾರೆ: ‘ಅಡಕೆ ಸುಲಿಯುವ ಯಂತ್ರ ಕೆಟ್ಟು ನಿಲ್ಲುವಾಗಿನ ಸದ್ದಿನಂತಿತ್ತು.’ ಮರುವಾಕ್ಯದಲ್ಲಿಯೇ, ‘ಆದರೂ ಇನ್ನೊಮ್ಮೆ ಕೇಳಬೇಕೆನಿಸಿತು’ ಎಂದಿದ್ದಾರೆ.

ಅವರ ಪ್ರಶ್ನೆಗಳು ಕೆಲವು. ಒಂದು ಗುಂಡಿ ಒತ್ತಿದರೆ ಲಕ್ಷ ಮಂದಿಗೆ ಹಾಡು ತಲಪುವ ಈ ಕಾಲದಲ್ಲಿ ಮುನ್ನೂರೇ ಪ್ರತಿಗಳೇಕೆ? ಎರಡನೆಯ ಮುಖದ ಕೊನೆಯಲ್ಲಿ ಒಂದೇ ಸದ್ದು ಮುಗಿಯದೆ ಮರುಕಳಿಸುತ್ತದೆ, ಇದು ದೋಷವೆ? ತಂದೆಯವರ ಕಾಲದ ಕೀಲಿ ಕೊಡುವ ಪೆಟ್ಟಿಗೆ ಗ್ರಾಮಫೋನು ಮನೆಯಲ್ಲಿದೆ, ಅದರಲ್ಲಿ ಇದನ್ನು ಹಾಕಬಹುದೆ? ನಮ್ಮ ಮಳೆಗಾಲದಲ್ಲಿ ಇಂಥ ವಸ್ತು ಉಳಿದೀತೆ? ಇವುಗಳಲ್ಲಿ ಪೆಟ್ಟಿಗೆ ಗ್ರಾಮಫೋನಿನ ಪ್ರಶ್ನೆಗೆ ಉತ್ತರ ತಡವಾಗಬಾರದು: ದಯವಿಟ್ಟು ಹಾಕಬೇಡಿ. ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ತಟ್ಟೆಯನ್ನೇ ನೋಡೋಣ. ಅದರ ಮೈಮೇಲೆ ನೂರಾರು ವೃತ್ತಗಳಿರುವಂತೆ ಕಾಣುವುದಾದರೂ ಅಲ್ಲಿರುವುದು ಒಂದೇ ಗೀರು. ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ, ಕೂದಲಿನಷ್ಟು ತೆಳುವಾದ ಕಾಲುವೆ. ಈ ತಟ್ಟೆ ನಿಮಿಷಕ್ಕೆ 45 ಸುತ್ತು ತಿರುಗತಕ್ಕದ್ದು. ನಾಲ್ಕು ನಿಮಿಷಗಳ ಕೃತಿಯೆಂದರೆ 180 ಸುತ್ತು. ಇಷ್ಟು ಸುತ್ತುಗಳಿಗೆ ದೊರೆಯುವ ಅಗಲ ಸುಮಾರು ಮೂರು ಸೆಂಟಿಮೀಟರು. ಅಂದರೆ ಒಂದು ಮಿಲಿಮೀಟರಿನೊಳಗೆ ಆರು ಸುತ್ತು ಹಿಡಿಯಬೇಕು. ಗೀರನ್ನು ಬಿಡಿಸಿ ನೇರವಾಗಿ ಎಳೆದರೆ ಅದು ಸುಮಾರು 78 ಮೀಟರು ಉದ್ದವಾಗುತ್ತದೆ.

ಆ ಕಾಲುವೆಯ ದಡಗಳು ನೇರವಾಗಿಲ್ಲ. ವಾದ್ಯ ನುಡಿದಾಗ ಗಾಳಿ ಹೇಗೆ ಅಲುಗಿತೋ ಅದೇ ರೀತಿಯಲ್ಲಿ ದಡಗಳೂ ಅಲೆಯಲೆಯಾಗಿವೆ. ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರು ಓಡುತ್ತದೆ. ಸೆಕೆಂಡಿಗೆ 10,000 ಕಂಪನಗಳ ಕೀಚು ಸ್ವರವೊಂದು ಅಲ್ಲಿದ್ದರೆ ಅದರ ಒಂದೊಂದು ಅಲೆಗೂ ಸಿಗುವ ಉದ್ದ ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು. ತಟ್ಟೆಯ ಒಳಭಾಗಕ್ಕೆ ಬಂದಂತೆ ಸುತ್ತು ಚಿಕ್ಕದಾಗಿ ಓಟ ಸೆಕೆಂಡಿಗೆ 25 ಸೆಂಟಿಮೀಟರಿಗೆ ಇಳಿಯುತ್ತದೆ. ಅದೇ ಸ್ವರ ಇನ್ನಷ್ಟು ಇಕ್ಕಟ್ಟಿನಲ್ಲಿ ಅಡಗಬೇಕಾಗುತ್ತದೆ. ಕೃತಿಯ ಕೊನೆಗೆ ಬಂದಾಗ ಧ್ವನಿ ಸ್ವಲ್ಪ ಮಂಕಾಗುವುದಕ್ಕೆ ಇದೇ ಕಾರಣ. ಹನ್ನೆರಡು ಅಂಗುಲದ, ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ ದೊಡ್ಡ ತಟ್ಟೆಯ ಒಳಸುತ್ತುಗಳಲ್ಲಿ ಓಟ ಇದಕ್ಕೂ ಕಡಿಮೆ. ಚಿಕ್ಕ ತಟ್ಟೆಯನ್ನು ಅಗ್ಗದ ವಸ್ತುವೆಂದು ಹೀಗಳೆಯುವವರು ಈ ಲೆಕ್ಕವನ್ನು ನೋಡಬೇಕು. ಎರಡು ಕಿವಿಗೆ ಎರಡು ಧ್ವನಿಗಳನ್ನು ಒಂದೇ ಗೀರಿನಲ್ಲಿ ಇಡುವ ಉಪಾಯವೂ ಇದೆ: ಒಂದು ದಡದಲ್ಲಿ ಎಡಗಿವಿಯ ಧ್ವನಿ, ಎದುರು ದಡದಲ್ಲಿ ಬಲಗಿವಿಯದು. 1931ರಲ್ಲಿಯೇ ಅಲನ್ ಬ್ಲಮ್ಲೀನ್ ಎಂಬ ಆಂಗ್ಲ ಎಂಜಿನಿಯರು ಇದಕ್ಕೆ ಹಕ್ಕುಪತ್ರ ಕೇಳಿದ್ದರೂ ಅಂಗಡಿಗೆ ಅಂಥ ತಟ್ಟೆಗಳು ಬಂದುದು 1950ರ ದಶಕದ ಕೊನೆಯಲ್ಲಿ.

ಇನ್ನು ಪ್ರತಿಗಳ ಪ್ರಶ್ನೆ. ಮದುವೆಯ ಕರೆಯೋಲೆಯನ್ನು ಅಚ್ಚು ಹಾಕಿಸಿದವರಿಗೆಲ್ಲ ಒಂದು ಸಂಗತಿ ಗೊತ್ತು. ನೂರು ಪ್ರತಿಗೂ ಐನೂರು ಪ್ರತಿಗೂ ಬೆಲೆಯಲ್ಲಿ ಐದು ಪಟ್ಟು ವ್ಯತ್ಯಾಸವಿರುವುದಿಲ್ಲ. ಮೊಳೆ ಜೋಡಿಸಿ ಯಂತ್ರಕ್ಕೆ ಏರಿಸುವವರೆಗಿನ ಶ್ರಮ ಎರಡಕ್ಕೂ ಒಂದೇ; ಮುಂದಿನದು ಕಾಗದದ ಖರ್ಚು. ಧ್ವನಿಮುದ್ರಿಕೆಯಲ್ಲಿ ಈ ಮೊದಲ ಶ್ರಮ ಇನ್ನೂ ಹೆಚ್ಚಿನದು.

ಅಲ್ಯುಮಿನಿಯಂ ಫಲಕವೊಂದಕ್ಕೆ ನೈಟ್ರೋಸೆಲ್ಯುಲೋಸಿನ ಮೆರುಗೆಣ್ಣೆಯನ್ನು ಕನ್ನಡಿಯಷ್ಟು ನಯವಾಗಿ ಬಳಿದಿರುತ್ತಾರೆ. ಅದು ತಿರುಗುತ್ತಿರುವಾಗ ಬಿಸಿ ಮಾಡಿದ ನೀಲಮಣಿಯ ಮೊನೆ, ಧ್ವನಿಗೆ ತಕ್ಕಂತೆ ನಡುಗುತ್ತ, ಗೀರನ್ನು ಕೊರೆಯುತ್ತದೆ. ಎದ್ದ ನೂಲನ್ನು ಗಾಳಿಯ ಕೊಳವೆಯೊಂದು ಎಳೆದುಕೊಳ್ಳುತ್ತದೆ. ಈ ಮೂಲದ ಮೇಲೆ ಬೆಳ್ಳಿಯ ತೆಳುಪೊರೆಯನ್ನು ಹಿಡಿಸಿ, ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ ನಿಕ್ಕಲನ್ನು ಬೆಳೆಸುತ್ತಾರೆ. ಬೆಳೆದ ನಿಕ್ಕಲನ್ನು ಸುಲಿದು ತೆಗೆದರೆ ಹಳ್ಳವಿದ್ದಲ್ಲಿ ದಿಬ್ಬವುಳ್ಳ ಒಂದು ವಿಲೋಮ ಪ್ರತಿ ದೊರೆಯುತ್ತದೆ. ಕಸುಬಿನವರು ಇದನ್ನು ‘ತಂದೆ’ ಎಂದೂ, ಇದರಿಂದ ಬೆಳೆಸಿದ ಸರಿಪ್ರತಿಯನ್ನು ‘ತಾಯಿ’ ಎಂದೂ ಕರೆಯುತ್ತಾರೆ. ತಾಯಿಯಿಂದ ಮತ್ತೆ ಬೆಳೆಸಿದ ವಿಲೋಮವೇ ಒತ್ತಚ್ಚು. ಎರಡು ಮುಖಗಳಿಗೆ ಎರಡು ಒತ್ತಚ್ಚುಗಳು. ಅವುಗಳ ನಡುವೆ ಮೆದುವಾದ ವಿನೈಲ್ ಮುದ್ದೆಯನ್ನಿಟ್ಟು, ಸುಮಾರು 150 ಡಿಗ್ರಿ ಸೆಲ್ಸಿಯಸಿನ ಹಬೆಯ ಕಾವಿನಲ್ಲಿ ನೂರು ಟನ್ನಿನಷ್ಟು ಒತ್ತಡ ಕೊಟ್ಟು, ಒಡನೆಯೇ ತಣ್ಣೀರು ಹಾಯಿಸಿದರೆ ತಟ್ಟೆ ಸಿದ್ಧ. ಈ ಕೊನೆಯ ಕೆಲಸಕ್ಕೆ ಅರ್ಧ ನಿಮಿಷ ಸಾಕು. ಒಂದು ಒತ್ತಚ್ಚು ಸಾವಿರದ ಆಸುಪಾಸಿನ ಪ್ರತಿಗಳಿಗೆ ಬಾಳಿ, ಅನಂತರ ದಿಬ್ಬಗಳು ಸವೆಯತೊಡಗುತ್ತವೆ.

ಮುನ್ನೂರು ಪ್ರತಿಗಳ ಗುಟ್ಟು ಇಲ್ಲಿದೆ. ಲಕ್ಷ ಪ್ರತಿ ಬೇಕಾದವನು ತಾಯಿಯನ್ನು ಜೋಪಾನವಾಗಿಟ್ಟು ನೂರು ಒತ್ತಚ್ಚುಗಳನ್ನು ಬೆಳೆಸುತ್ತಾನೆ. ಕೆಲವೇ ನೂರು ಬೇಕಾದವನಿಗೆ ತಾಯಿಯೇ ಬೇಡ. ‘ತಂದೆ’ಯನ್ನೇ ಒತ್ತಚ್ಚಾಗಿ ಯಂತ್ರಕ್ಕೆ ಹಾಕಬಹುದು. ಒಂದೆರಡು ಮೆಟ್ಟಿಲುಗಳ ಖರ್ಚು ಉಳಿಯಿತು. ಆದರೆ ಆ ಒತ್ತಚ್ಚು ಸವೆದ ಮೇಲೆ ಮತ್ತೊಂದನ್ನು ಬೆಳೆಸಲು ಏನೂ ಉಳಿದಿರುವುದಿಲ್ಲ. ಬೆಳ್ಳಿ ಹಿಡಿಸಿ ನಿಕ್ಕಲನ್ನು ಸುಲಿಯುವಾಗಲೇ ಮೂಲದ ಮೆರುಗೆಣ್ಣೆ ಹಾಳಾಗಿರುತ್ತದೆ. ಇನ್ನೂ ಪ್ರತಿ ಬೇಕೆಂದರೆ ಮೊದಲಿನಿಂದ ಕೊರೆಯಬೇಕು. ‘ಸೀಮಿತ ಆವೃತ್ತಿ’ ಎಂಬ ಮಾತನ್ನು ಬೆಲೆ ಏರಿಸುವ ತಂತ್ರವಾಗಿ ಬಳಸುವ ವರ್ತಕರಿದ್ದಾರೆ, ನಿಜ. ಆದರೆ ಸಣ್ಣ ತಂಡಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಕೈಯಲ್ಲಿರುವ ಹಣದ ಮತ್ತು ಕಾದಿರುವ ಶ್ರೋತೃಗಳ ಪ್ರಾಮಾಣಿಕ ಎಣಿಕೆ.

ಈ ಕಸುಬು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆಯೆಂಬುದು 2020ರ ಫೆಬ್ರವರಿಯಲ್ಲಿ ಲೋಕಕ್ಕೆ ತಿಳಿಯಿತು. ಮೆರುಗೆಣ್ಣೆಯ ಮೂಲಫಲಕಗಳನ್ನು ತಯಾರಿಸುವ ಕಾರ್ಖಾನೆಗಳು ಆಗ ಜಗತ್ತಿನಲ್ಲಿ ಇದ್ದುವು ಎರಡೇ: ಒಂದು ಜಪಾನಿನಲ್ಲಿ, ಇನ್ನೊಂದು ಕ್ಯಾಲಿಫೋರ್ನಿಯದ ಬ್ಯಾನಿಂಗ್ ಎಂಬಲ್ಲಿ. ನೈಟ್ರೋಸೆಲ್ಯುಲೋಸು ಬೆಂಕಿಗೆ ಬಲು ಸಲುಗೆಯ ವಸ್ತು. ಆ ತಿಂಗಳ 6ರಂದು ಬ್ಯಾನಿಂಗಿನ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು.

ಕೇಳುವವರನ್ನು ಮೊದಲು ಎಣಿಸಿಕೊಂಡು ಅನಂತರ ತಟ್ಟೆ ಒತ್ತುವ ಕ್ರಮ ಇಂದಿನದಲ್ಲ. ಮುಂಗಡ ಚಂದಾ ಕೂಡಿಸಿ ಗ್ರಂಥ ಅಚ್ಚು ಹಾಕಿಸುವುದು ನಮ್ಮಲ್ಲಿಯೂ ವಾಡಿಕೆಯಿತ್ತಷ್ಟೆ. 1931ರಲ್ಲಿ ಲಂಡನ್ನಿನ ಎಚ್.ಎಂ.ವಿ. ಕಂಪನಿಯಲ್ಲಿದ್ದ ವಾಲ್ಟರ್ ಲೆಗ್ ಎಂಬ ತರುಣ ಇದೇ ಉಪಾಯವನ್ನು ಹೂಡಿದ. ಹ್ಯೂಗೋ ವುಲ್ಫ್ ಎಂಬ ಆಸ್ಟ್ರಿಯದ ಗೀತಕಾರನ ಹಾಡುಗಳು ಮಾರಾಟವಾಗಲಾರವೆಂದು ಕಂಪನಿ ಹಿಂಜರಿದಾಗ, ಐನೂರು ಮಂದಿ ಮುಂಗಡ ಕೊಟ್ಟರೆ ಮಾತ್ರ ಮುದ್ರಿಸೋಣವೆಂದು ಸಂಘವೊಂದನ್ನು ಕಟ್ಟಿದ. ಐನೂರು ಮಂದಿ ದೊರೆತರು.

ಇದೇ ಲೆಗ್‌ನ ಸಂಬಂಧದಿಂದ ಈ ಕಥೆ ಮೈಸೂರಿಗೆ ಬರುತ್ತದೆ. ಜಯಚಾಮರಾಜೇಂದ್ರ ಒಡೆಯರನ್ನು ಶ್ರೀವಿದ್ಯಾ ಅಂಕಿತದ ಕೃತಿಗಳ ಕರ್ತೃವೆಂದು ಕರ್ನಾಟಕ ಸಂಗೀತದ ರಸಿಕರೆಲ್ಲ ಬಲ್ಲರು. ಅವರು ಪಾಶ್ಚಾತ್ಯ ಪಿಯಾನೋ ವಾದನದಲ್ಲಿಯೂ ಪರಿಶ್ರಮವುಳ್ಳವರು, ಧ್ವನಿಮುದ್ರಿಕೆಗಳ ಮಹಾ ಸಂಗ್ರಾಹಕರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರ ಆಗ ಲಂಡನ್ನಿನಲ್ಲಿ ವೃದ್ಧಾಪ್ಯ, ಅನಾರೋಗ್ಯ, ಬಡತನಗಳಲ್ಲಿ ದಿನ ನೂಕುತ್ತಿದ್ದ. ರಾಖ್ಮನಿನೋಫನಂಥವನು ಮೆಚ್ಚಿದ ಈ ಮನುಷ್ಯನ ಕೃತಿಗಳನ್ನು ಕೇಳುವವರು ಬೆರಳೆಣಿಕೆಯಷ್ಟು ಮಂದಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಹಾರಾಜರು ಖರ್ಚು ವಹಿಸಿ ಮೆಟ್ನರ್ ಸಂಘವೊಂದನ್ನು ಏರ್ಪಡಿಸಿದರು. ಅದರ ಆಶ್ರಯದಲ್ಲಿ ಮೆಟ್ನರ್ ತನ್ನ ಮೂರು ಪಿಯಾನೋ ಕಾನ್ಚೆರ್ಟೊಗಳನ್ನೂ ಇನ್ನು ಹಲವು ಕೃತಿಗಳನ್ನೂ ತಾನೇ ನುಡಿಸಿದ. ಅವು ಎಚ್.ಎಂ.ವಿ.ಯಿಂದ ಸಂಪುಟಗಳಾಗಿ ಹೊರಬಂದುವು. ಮೂರನೆಯ ಕಾನ್ಚೆರ್ಟೊವನ್ನು ಆತ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳ ಮುಖಕ್ಕೆ ನಾಲ್ಕೂಕಾಲು, ನಾಲ್ಕೂವರೆ ನಿಮಿಷ ಮಾತ್ರ; ಅರ್ಧ ಗಂಟೆಯ ಕೃತಿಯನ್ನು ಏಳೆಂಟು ತುಂಡು ಮಾಡಿ, ಮಧ್ಯೆ ಮಧ್ಯೆ ತಟ್ಟೆ ಮಗುಚುತ್ತ ಕೇಳಬೇಕಾಗಿತ್ತು. ಆದರೂ ಆ ಸಂಪುಟಗಳಿಂದಲೇ ಮೆಟ್ನರನ ಸ್ವಂತ ಬೆರಳುಗಳ ನಡೆ ಇಂದಿಗೂ ಕೇಳಸಿಗುತ್ತಿದೆ. ಮುಂದೆ ಅವು ಸಿ.ಡಿ. ರೂಪದಲ್ಲಿಯೂ ಮರುಪ್ರಕಟವಾದುವು. ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಮೆಟ್ನರ್ ನವ್ಯ ಸಂಗೀತದ ಕಡುವೈರಿ. ಹರಿಹರಪುರದ ತಟ್ಟೆಯನ್ನು ಕೇಳಿಸಿದ್ದರೆ ಎದ್ದು ಹೊರಟುಹೋಗುತ್ತಿದ್ದನೇನೋ.

ಆ ಸಂಪುಟಗಳು ಹೊರಬರುತ್ತಿದ್ದ ಕಾಲದಲ್ಲಿಯೇ ತಟ್ಟೆಯ ಚರಿತ್ರೆಯೂ ಹೊರಳಿತು. 1948ರ ಜೂನಿನಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ವಿನೈಲಿನ ದೀರ್ಘವಾದನ ತಟ್ಟೆಯನ್ನೂ, ಮರುವರ್ಷ ಆರ್.ಸಿ.ಎ. ವಿಕ್ಟರ್ ಕಂಪನಿ ಏಳಂಗುಲದ 45 ಸುತ್ತಿನ ತಟ್ಟೆಯನ್ನೂ ತಂದುವು. ಕನ್ನಡ ಚಲನಚಿತ್ರಗೀತೆಗಳು 1960 ಮತ್ತು 70ರ ದಶಕಗಳಲ್ಲಿ ನಮ್ಮ ಮನೆಗಳಿಗೆ ಬಂದುದು ಬಹುಪಾಲು ಇದೇ ಏಳಂಗುಲದ ಗಾತ್ರದಲ್ಲಿ.

ಅದೇ 1948ರಲ್ಲಿ ಪ್ಯಾರಿಸಿನ ಬಾನುಲಿಯ ಪಿಯೆರ್ ಶೆಫೆರ್ ಎಂಬ ಎಂಜಿನಿಯರು ತಟ್ಟೆಯನ್ನೇ ವಾದ್ಯವಾಗಿಸಿದ. ಸುರುಳಿಯಾಗಿ ಒಳಸರಿಯಬೇಕಾದ ಗೀರನ್ನು ಒಂದು ಸುತ್ತಿಗೇ ಮುಚ್ಚಿಬಿಟ್ಟರೆ ಏನಾಗುತ್ತದೆ? ಮುಳ್ಳು ಹೊರಬರಲಾರದು, ಗಾಣದ ಎತ್ತಿನಂತೆ ಅದೇ ವೃತ್ತದಲ್ಲಿ ತಿರುಗುತ್ತದೆ. 78 ಸುತ್ತಿನ ತಟ್ಟೆಯಾದರೆ ಮುಕ್ಕಾಲು ಸೆಕೆಂಡಿಗೊಮ್ಮೆ, 45ರದಾದರೆ ಒಂದೂ ಮೂರನೆಯ ಒಂದು ಸೆಕೆಂಡಿಗೊಮ್ಮೆ ಅದೇ ಸದ್ದು. ಘಂಟಾನಾದದ ಹೊಡೆತವನ್ನು ಬಿಟ್ಟು ಬಾಲವನ್ನು ಮಾತ್ರ ಹೀಗೆ ಮುಚ್ಚಿದರೆ ಅದು ಘಂಟೆಯೆಂದೇ ತಿಳಿಯದಂತಾಗುತ್ತದೆ. ರೈಲುಬಂಡಿಯ ಸದ್ದುಗಳನ್ನು ಪೋಣಿಸಿ ಆತ ರಚಿಸಿದ ಕೃತಿಯೊಂದು ಆ ವರ್ಷವೇ ಬಾನುಲಿಯಲ್ಲಿ ಪ್ರಸಾರವಾಯಿತು. ಮೂವತ್ತು ವರ್ಷಗಳ ಅನಂತರ, 1978ರಲ್ಲಿ, ನಾನ್ ಎಂಬ ಹೆಸರಿನಲ್ಲಿ ಬಾಯ್ಡ್ ರೈಸ್ ಎಂಬ ಅಮೆರಿಕದವನು ‘ಪೇಗನ್ ಮ್ಯೂಜಾಕ್’ ಎಂಬ ಏಳಂಗುಲದ ತಟ್ಟೆಯನ್ನು ತಂದ. ಅದರ ತುಂಬ ಇಂಥ ಮುಚ್ಚಿದ ಗೀರುಗಳೇ. ಸಾಲದೆಂದು ನಡುವಿನ ರಂಧ್ರದ ಪಕ್ಕದಲ್ಲಿ ಇನ್ನೊಂದು ರಂಧ್ರ. ಯಾವ ವೇಗದಲ್ಲಿ ಬೇಕಾದರೂ ನುಡಿಸಬಹುದೆಂಬ ಸೂಚನೆ ಬೇರೆ. ರಂಧ್ರ ಕೇಂದ್ರ ತಪ್ಪಿದರೆ ಮುಳ್ಳಿನ ಕೆಳಗಿನ ಓಟ ಒಂದು ಸುತ್ತಿನಲ್ಲಿಯೇ ಏರಿ ಇಳಿಯುತ್ತದೆ. 70 ಮಿಲಿಮೀಟರಿನ ತ್ರಿಜ್ಯದಲ್ಲಿ 5 ಮಿಲಿಮೀಟರು ತಪ್ಪಿದರೆ ಶ್ರುತಿ ನೂರಕ್ಕೆ ಏಳರಷ್ಟು ಮೇಲೆ, ಅಷ್ಟೇ ಕೆಳಗೆ. ಅಂದರೆ ಷಡ್ಜ ಒಮ್ಮೆ ಶುದ್ಧ ರಿಷಭವನ್ನು ದಾಟಿ, ಮತ್ತೊಮ್ಮೆ ಕೆಳಗಿನ ಕಾಕಲಿ ನಿಷಾದಕ್ಕೂ ಜಾರುತ್ತದೆ.

ಆದುದರಿಂದ ನಮ್ಮ ವಾಚಕರ ತಟ್ಟೆಯಲ್ಲಿ ದೋಷವಿರುವಂತೆ ತೋರುವುದಿಲ್ಲ. ಎಲ್ಲ ತಟ್ಟೆಗಳ ಕೊನೆಯಲ್ಲಿಯೂ ಮುಳ್ಳು ಚೀಟಿಯ ಮೇಲೆ ಹಾಯದಂತೆ ಒಂದು ಮುಚ್ಚಿದ ಗೀರು ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದು ಮೌನವಾಗಿರುತ್ತದೆ. ಈ ತಂಡದವರು ಅದರಲ್ಲಿಯೂ ಸದ್ದು ತುಂಬಿದ್ದಾರೆ. ಸಾಕೆನಿಸಿದಾಗ ಕೇಳುವವರೇ ಮುಳ್ಳನ್ನು ಎತ್ತಬೇಕು. ಕೃತಿಯ ಕೊನೆ ಅವರ ಕೈಯಲ್ಲಿದೆ.

ಇದಕ್ಕಿಂತಲೂ ಸಣ್ಣ ಆವೃತ್ತಿಗಳಿವೆ. ನ್ಯೂಜಿಲೆಂಡಿನ ಜೆರಾಲ್ಡೈನ್ ಎಂಬ ಸಣ್ಣ ಊರಿನಲ್ಲಿ ಪೀಟರ್ ಕಿಂಗ್ ಎಂಬಾತ ಒತ್ತಚ್ಚಿನ ಗೊಡವೆಯೇ ಇಲ್ಲದೆ, ಪಾಲಿಕಾರ್ಬೊನೇಟ್ ತಟ್ಟೆಗಳ ಮೇಲೆ ಒಂದೊಂದು ಪ್ರತಿಯನ್ನೂ ಬೇರೆ ಬೇರೆಯಾಗಿ ಕೊರೆದುಕೊಟ್ಟು, ಹಲವು ದೇಶಗಳ ಅಜ್ಞಾತ ತಂಡಗಳಿಗೆ ಆಶ್ರಯವಾದ. ಈ ವಿಧಾನದಲ್ಲಿ ಧ್ವನಿ ಎಷ್ಟು ಹೊತ್ತಿನದೋ ಕೊರೆತವೂ ಅಷ್ಟೇ ಹೊತ್ತು. ಮುಖಕ್ಕೆ ನಾಲ್ಕು ನಿಮಿಷದಂತೆ ಮುನ್ನೂರು ಪ್ರತಿಗೆ ನಲವತ್ತು ಗಂಟೆಗಳ ಕೊರೆತ! ಇಪ್ಪತ್ತು, ಐವತ್ತು ಪ್ರತಿಗಳಿಗೆ ಮಾತ್ರ ಇದು ಲಾಭದಾಯಕ.

ಈಗ ಪೆಟ್ಟಿಗೆ ಗ್ರಾಮಫೋನಿನ ಮಾತು. ಅದಕ್ಕಾಗಿ ತಯಾರಾದ ಹಳೆಯ ತಟ್ಟೆಗಳು ವಿನೈಲಿನವಲ್ಲ, ಅರಗಿನವು. ಮುತ್ತುಗ ಮೊದಲಾದ ಮರಗಳ ಕೊಂಬೆಗಳಲ್ಲಿ ಅರಗಿನ ಹುಳು ಸ್ರವಿಸುವ ರಾಳವೇ ಅದರ ಬಂಧಕ. ಅದನ್ನು ಜಗತ್ತಿಗೆ ಒದಗಿಸುತ್ತಿದ್ದುದು ಮುಖ್ಯವಾಗಿ ನಮ್ಮ ದೇಶದ ಛೋಟಾನಾಗಪುರದ ಕಾಡುಗಳು. ಯುದ್ಧಕಾಲದಲ್ಲಿ ಈ ಅರಗು ದುರ್ಲಭವಾದುದು ಅಮೆರಿಕದವರು ವಿನೈಲಿನ ಕಡೆಗೆ ತಿರುಗಲು ಒಂದು ಕಾರಣ. ಅರಗಿನೊಂದಿಗೆ ಕಲ್ಲಿನ ನುಣುಪು ಪುಡಿಯನ್ನು ಬೆರೆಸುತ್ತಿದ್ದರು. ಪೆಟ್ಟಿಗೆ ಗ್ರಾಮಫೋನಿನ ಧ್ವನಿಪೆಟ್ಟಿಗೆ ಉಕ್ಕಿನ ಮುಳ್ಳಿನ ಮೇಲೆ ನೂರು ಗ್ರಾಮಿಗೂ ಮಿಕ್ಕಿದ ಭಾರ ಹೇರುತ್ತದೆ. ಪುಡಿ ಆ ಮುಳ್ಳನ್ನು ತೇಯ್ದು ಗೀರಿನ ಆಕಾರಕ್ಕೆ ತರುತ್ತಿತ್ತು. ಮುಖಕ್ಕೊಂದು ಮುಳ್ಳು ಬದಲಿಸುವ ರೂಢಿ ಬಂದುದು ಇದರಿಂದಲೇ. ವಿನೈಲಿನ ಗೀರು ಇದರ ಮೂರನೆಯ ಒಂದರಷ್ಟು ಅಗಲದ್ದು. ಅದರ ಮೇಲೆ ಕೂರತಕ್ಕ ವಜ್ರದ ಮುಳ್ಳಿನ ಭಾರ ಎರಡು ಗ್ರಾಮಿನ ಆಸುಪಾಸು. ಉಕ್ಕಿನ ಮುಳ್ಳನ್ನು ಒಂದೇ ಸಲ ಇಟ್ಟರೂ ಅದು ಗದ್ದೆಯಲ್ಲಿ ನೇಗಿಲು ಹಾಯಿಸಿದಂತೆ. 147ನೆಯ ಪ್ರತಿ ಅಲ್ಲಿಗೆ ಮುಗಿಯಿತು.

ಕೊನೆಯದಾಗಿ ಮಳೆಗಾಲ. ಆಗುಂಬೆಗೆ ದೂರವಲ್ಲದ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚಪ್ಪಲಿ, ಪುಸ್ತಕದ ಬೆನ್ನು, ಮರದ ಪೆಟ್ಟಿಗೆ ಎಲ್ಲದರ ಮೇಲೂ ಬೂಷ್ಟು ಬರುವುದನ್ನು ಅಲ್ಲಿಯವರಿಗೆ ನಾವು ಹೇಳಬೇಕಾದುದಿಲ್ಲ. ಒಂದು ಸಮಾಧಾನವುಂಟು: ತಟ್ಟೆಯ ವಿನೈಲು ಬೂಷ್ಟಿಗೆ ಒಳ್ಳೆಯ ಆಹಾರವಲ್ಲ. ಬೂಷ್ಟು ತಿನ್ನುವುದು ಕಾಗದದ ಹೊದಿಕೆಯನ್ನು, ಅಂಟನ್ನು, ಗೀರಿನೊಳಗಿನ ಧೂಳನ್ನು, ನಮ್ಮ ಬೆರಳಿನ ಜಿಡ್ಡನ್ನು. ಆದರೆ ಅದರ ಎಳೆಗಳು ಗೀರಿನೊಳಗೆ ಹಬ್ಬಿದರೆ ಮುಳ್ಳಿಗೆ ಪ್ರತಿಯೊಂದೂ ಒಂದು ಎಡರು. ಚಿಟಪಟ ಸದ್ದು ಹುಟ್ಟುತ್ತದೆ. ಗಾಳಿಯ ಸಾಪೇಕ್ಷ ತೇವ ನೂರಕ್ಕೆ 65, 70ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಬೆಳೆಯುವುದು ಖಂಡಿತ. ಆದುದರಿಂದ ತಟ್ಟೆಯನ್ನು ಕಾಗದದ ಒಳಹೊದಿಕೆಯಿಂದ ತೆಗೆದು ಪಾಲಿಥೀನಿನದರಲ್ಲಿಟ್ಟು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಒಣಗಿಸಿದ ಸಿಲಿಕಾ ಜೆಲ್ಲಿನ ಒಂದು ಚೀಲದೊಡನೆ ನೆಟ್ಟಗೆ ನಿಲ್ಲಿಸಿ ಇಡುವುದು ಮೇಲು. ಅಂಕಿ ಬರೆದ ಹೊರಹೊದಿಕೆಯೂ ಅದರಲ್ಲಿಯೇ ಇರಲಿ. ನಿಜವಾಗಿ ಅಪಾಯದಲ್ಲಿರುವುದು ಅದೇ.

ಮಲೆನಾಡಿನ ಹಿರಿಯರು ಕಾಪಾಡಬೇಕಾದುದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಹೊಗೆ, ಬಿಸಿ ಎರಡೂ ಹುಳುವನ್ನೂ ತೇವವನ್ನೂ ದೂರವಿಡುತ್ತಿದ್ದುವು. ಬೀಜಕ್ಕೂ ಬುಟ್ಟಿಗೂ ಇದು ಉತ್ತಮ ಕ್ರಮ, ವಿನೈಲಿಗೆ ಅಲ್ಲ. ಕಾವು ಏರಿದಂತೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಳೆ ಬಿಟ್ಟಾಗ ಅಂಗಳದಲ್ಲಿ ಬಿಸಿಲಿಗೆ ಇಡುವುದೂ ಅಷ್ಟೇ ಅಪಾಯ. ಬೂಷ್ಟು ಕಂಡರೆ ಭಟ್ಟಿಯಿಳಿಸಿದ ನೀರಿಗೆ ಒಂದೆರಡು ಹನಿ ಮೃದು ಸಾಬೂನು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೀರಿನ ಗುಂಟ, ಅಡ್ಡಲಾಗಿ ಅಲ್ಲ, ಒರಸಿ, ಮತ್ತೆ ಬರಿಯ ನೀರಿನಿಂದ ತೊಳೆದು ನೆರಳಿನಲ್ಲಿ ಆರಿಸಬೇಕು. ನಡುವಿನ ಚೀಟಿಗೆ ನೀರು ತಾಕದಿರಲಿ. ತಂದೆಯವರ ಅರಗಿನ ತಟ್ಟೆಗಳಿಗೂ ಇದೇ ಕ್ರಮ ಸಲ್ಲುತ್ತದೆ, ಆದರೆ ಅವುಗಳಿಗೆ ಸ್ಪಿರಿಟ್ಟನ್ನು ಮಾತ್ರ ಮುಟ್ಟಿಸಬಾರದು: ಬಡಗಿಗಳು ಅರಗನ್ನು ಕರಗಿಸಿ ಪಾಲಿಶು ಮಾಡಿಕೊಳ್ಳುವುದು ಸ್ಪಿರಿಟ್ಟಿನಲ್ಲಿಯೇ.